ಕಾರಿಗೆ ಬೇರೆ ಮೀಟರ್ ಕೊಡಿ, ಓಣಿಯ ಟಿ.ಸಿ.ಗೆ ಲೆಕ್ಕ ಇಡಿ



ರಾಯಚೂರಿನ ಓಣಿಗಳಲ್ಲಿ ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರುಗಳು ಕಾಣತೊಡಗಿವೆ. ಸಂತೋಷವೇ. ಆದರೆ ಗಿರಾಕಿ ಮನೆಯ ಕರೆಂಟಿನ ಬಗ್ಗೆ ಕೇಳಿದರೆ ಮಾರುವವರು ಹೇಳುವುದು ಒಂದೇ ಮಾತು: ‘ಮೊಬೈಲಿನ ಹಾಗೆ ರಾತ್ರಿ ಪ್ಲಗ್ ಹಾಕಿ ಮಲಗಿ.’ ಈ ಮಾತಿಗೇ ನನ್ನ ತಕರಾರು.

ಮೊಬೈಲ್ ಚಾರ್ಜರ್ ಎಳೆಯುವುದು ಹತ್ತಿಪ್ಪತ್ತು ವಾಟ್. ಕಾರಿನ 15 ಆಂಪಿಯರ್ ಪ್ಲಗ್ಗಿನ ಚಾರ್ಜರ್ 3.3 ಕಿಲೋವಾಟ್ ಎಳೆಯುತ್ತದೆ, ಗೋಡೆಗೆ ಕೂಡಿಸುವ ದೊಡ್ಡದು 7.2 ಕಿಲೋವಾಟ್. ಗೀಸರ್ ಅರ್ಧ ತಾಸು ಉರಿದು ನಿಲ್ಲುತ್ತದೆ. ಕಾರು ಬೆಳಗಿನವರೆಗೂ ಬಿಡದೆ ಎಳೆಯುತ್ತದೆ. ನಮ್ಮ ಕಡೆಯ ಬಹಳಷ್ಟು ಮನೆಗಳಿಗೆ ಮಂಜೂರಾದ ಲೋಡ್ 2 ಅಥವಾ 3 ಕಿಲೋವಾಟ್. ಏಪ್ರಿಲ್-ಮೇ ತಿಂಗಳಲ್ಲಿ ರಾತ್ರಿ ಹತ್ತಕ್ಕೂ ಗೋಡೆ ಕಾದಿರುವ ಊರಿದು. ಒಂದೂವರೆ ಟನ್ ಎಸಿ, ಒಂದು ಕೂಲರ್, ಫ್ರಿಜ್, ಫ್ಯಾನುಗಳು ಸೇರಿದರೆ ಆಗಲೇ ಎರಡು ಕಿಲೋವಾಟ್ ದಾಟಿರುತ್ತದೆ. ಅದರ ಮೇಲೆ ಕಾರು ಬಂದು ಕೂತರೆ ಮೊದಲು ಎಂಸಿಬಿ ಬೀಳುತ್ತದೆ. ಆಗ ಜನ ಮಾಡುವುದೇನು? ಇನ್ನೂ ದೊಡ್ಡ ಎಂಸಿಬಿ ಹಾಕಿಸುತ್ತಾರೆ. ಒಳಗಿನ ವೈರ್ ಮಾತ್ರ ಹಳೆಯದೇ. ಕಾಯುವುದೂ ಕರಗುವುದೂ ಆ ವೈರು, ಆ ಸಾಕೆಟ್ಟು.

ಇದಕ್ಕಿಂತ ಭಯದ್ದು ಅರ್ಥಿಂಗ್ ವಿಷಯ. ಒಳ್ಳೆಯ ಚಾರ್ಜರ್ ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾಲೂ ಆಗುವುದೇ ಇಲ್ಲ. ಬೇಸಿಗೆಯಲ್ಲಿ ನಮ್ಮ ನೆಲ ಒಣಗಿ ಬಿರಿಯುತ್ತದೆ. ಇದ್ದಿಲು-ಉಪ್ಪು ಹಾಕಿದ ಹಳೆಯ ಗುಂಡಿಗೆ ನೀರು ಹೊಯ್ಯುವವರಿಲ್ಲ. ಚಾರ್ಜರ್ ತಕರಾರು ಮಾಡಿತೆಂದು ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರ್ ಜೋಡಿಸಿ ‘ಈಗ ನಡೀತು ನೋಡ್ರಿ’ ಎನ್ನುವ ಕೆಲಸಗಾರರಿದ್ದಾರೆ. ಹೊರಗೆ ನ್ಯೂಟ್ರಲ್ ಕಡಿದರೆ ಕಾರಿನ ಮೈಗೇ ಕರೆಂಟ್ ಬರುತ್ತದೆ. ಅಂಗಳದಲ್ಲಿ ಆಡುವ ಮಗು ಮುಟ್ಟುವ ಕಾರದು. ದಯವಿಟ್ಟು ಯಾರೂ ಇದಕ್ಕೆ ಒಪ್ಪಬಾರದು.

ಹಾಗಾದರೆ ಪ್ರತಿ ಮನೆಗೂ ದೊಡ್ಡ ಲೈನ್ ಬೇಕೇ? ಬೇಕಿಲ್ಲ. ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ಹೋಗಿ ಬರುವ ಮೇಷ್ಟ್ರು, ಬ್ಯಾಂಕಿನವರು ದಿನಕ್ಕೆ ಓಡಿಸುವುದು ಸುಮಾರು 100 ಕಿಲೋಮೀಟರ್. ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಲೆಕ್ಕದಲ್ಲಿ 16 ಯೂನಿಟ್ ಆಸುಪಾಸು ಸಾಕು. 10 ಆಂಪಿಯರ್‌ಗೆ ಇಳಿಸಿಟ್ಟರೆ 2.3 ಕಿಲೋವಾಟ್‌ನಲ್ಲಿ ಏಳು ತಾಸಿಗೆ ಅಷ್ಟೂ ತುಂಬುತ್ತದೆ. ರಾತ್ರಿ ಹತ್ತಕ್ಕೆ ಹಚ್ಚಿದರೆ ಬೆಳಗಿನ ಐದಕ್ಕೆ ಮುಗಿಯಿತು. ಕಾರು-ಚಾರ್ಜರ್‌ಗಳ ಅಂತರರಾಷ್ಟ್ರೀಯ ಮಾನಕದಲ್ಲೇ ಕರೆಂಟನ್ನು 6 ಆಂಪಿಯರ್‌ವರೆಗೆ ಇಳಿಸುವ ವ್ಯವಸ್ಥೆ ಇದೆ. ಮೇನ್ ವೈರಿಗೆ ಸೆನ್ಸರ್ ಕೂಡಿಸಿ, ಎಸಿ ಶುರುವಾದ ಕೂಡಲೇ ಕಾರಿನ ಪಾಲನ್ನು ತಾನೇ ತಗ್ಗಿಸುವ ಚಾರ್ಜರ್‌ಗಳೂ ಬಂದಿವೆ. ಮಾರುವವರು ಇದನ್ನೇಕೆ ಹೇಳುವುದಿಲ್ಲ?

ಇಷ್ಟು ಮನೆಯೊಳಗಿನ ಮಾತು. ಹೊರಗಿನದು ನಮ್ಮ ಭಾಗಕ್ಕೆ ಕರೆಂಟ್ ಹಂಚುವ ಜೆಸ್ಕಾಂಗೆ ಸೇರಿದ್ದು. ನಮ್ಮ ಜಿಲ್ಲೆಯಲ್ಲಿ ಕರೆಂಟ್ ತಯಾರಿಕೆಗೆ ಕೊರತೆಯಿಲ್ಲ. ಶಕ್ತಿನಗರದ ಸ್ಥಾವರ 1,720 ಮೆಗಾವಾಟ್, ಯರಮರಸ್ ಸ್ಥಾವರ 1,600 ಮೆಗಾವಾಟ್ ಸಾಮರ್ಥ್ಯದವು. ಸೋಲುವುದು ಓಣಿಯ ಕೊನೆಯ ಟ್ರಾನ್ಸ್‌ಫಾರ್ಮರ್, ಅಂದರೆ ಟಿ.ಸಿ. 100 ಕೆವಿಎ ಟಿ.ಸಿ.ಯ ಕೆಳಗೆ ಹತ್ತು ಮನೆಯವರು 7.2 ಕಿಲೋವಾಟ್ ಚಾರ್ಜರ್ ಒಟ್ಟಿಗೆ ಹಚ್ಚಿದರೆ ಕಾರುಗಳೇ 72 ಕಿಲೋವಾಟ್ ತಿನ್ನುತ್ತವೆ. ಅದೇ ಹತ್ತು ಕಾರು 10 ಆಂಪಿಯರ್‌ನಲ್ಲಿ ನಿಂತರೆ 23. ಟಿ.ಸಿ. ಸುಟ್ಟರೆ ಬೇಸಿಗೆಯ ರಾತ್ರಿ ಕತ್ತಲಲ್ಲಿ ಕೂರುವವರು ಕಾರು ಇಲ್ಲದ ನೆರೆಯವರು.

ಯಾವ ಟಿ.ಸಿ.ಯ ಕೆಳಗೆ ಎಷ್ಟು ಕಾರಿವೆ ಎಂಬ ಲೆಕ್ಕ ಸಿಗಬೇಕಾದರೆ ಜನ ಮುಚ್ಚಿಡದೆ ಹೇಳಬೇಕು. ಹೇಳಲು ಹಿಂಜರಿಕೆ ಏಕೆಂಬುದು ಎಲ್ಲರಿಗೂ ಗೊತ್ತು. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ದಿನವೂ ಮಾನ್ವಿಗೆ ಹೋಗಿ ಬರುವ ಕಾರು ತಾನೊಂದೇ ಆ ಗೆರೆ ದಾಟಿಸುತ್ತದೆ. ಲೋಡ್ ಹೆಚ್ಚಿಸಿದರೆ ಕಿಲೋವಾಟ್ ಲೆಕ್ಕದ ನಿಗದಿತ ಶುಲ್ಕವೂ ಏರುತ್ತದೆ. ಹೀಗಾಗಿ ಬಾಡಿಗೆ ಮನೆಯ ಮೀಟರಿನಿಂದ ಎಕ್ಸ್‌ಟೆನ್ಷನ್ ವೈರ್ ಎಳೆಯುವ ಆಸೆ ಹುಟ್ಟುತ್ತದೆ. ಅದು ತಪ್ಪು, ಅಪಾಯವೂ ಹೌದು.

ದಾರಿ ಕಾನೂನಿನಲ್ಲೇ ಇದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿ, ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಪಡೆಯುವ ಹಕ್ಕು ಕೊಟ್ಟಿದೆ. ಹೊಸ ಸಂಪರ್ಕಕ್ಕೆ ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನದ ಗಡುವೂ ಇದೆ. ಬೇರೆ ಮೀಟರ್ ಬಂದರೆ ಮನೆಯ ಯೂನಿಟ್ ಮನೆಗೆ, ಕಾರಿನದು ಕಾರಿಗೆ. ಟಿ.ಸಿ.ಯ ಲೆಕ್ಕವೂ ತಾನಾಗಿ ಸಿಗುತ್ತದೆ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ಆ ನೀತಿಯ ಫಲ ದೇವದುರ್ಗದ ಓಣಿಗೂ ಬರಬೇಕಲ್ಲವೇ?

ಜೆಸ್ಕಾಂ ಅಧಿಕಾರಿಗಳಲ್ಲಿ ನನ್ನ ವಿನಂತಿ: ರಾಯಚೂರು, ದೇವದುರ್ಗ, ಮಾನ್ವಿಯ ಪ್ರತಿ ಕಚೇರಿಯ ಹೊರಗೆ ಈ ಬೇರೆ ಮೀಟರಿನ ಅರ್ಜಿ, ಶುಲ್ಕ, ದರ, ಗಡುವು ಕನ್ನಡದಲ್ಲಿ ಬರೆದು ಹಾಕಿ. ಮೀಟರ್ ಕೊಡುವ ಮುನ್ನ ಅರ್ಥಿಂಗ್ ಪರೀಕ್ಷಿಸಿ. ರಾತ್ರಿ ಹತ್ತರ ನಂತರ ಚಾರ್ಜ್ ಮಾಡುವವರಿಗೆ ಕಡಿಮೆ ದರ ಕೊಡುವಂತೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವನ್ನು ಕೇಳಿ. ಮುಂದಿನ ಬೇಸಿಗೆಗೆ ಮುಂಚೆ ಇಷ್ಟಾಗಲಿ.

– ಒಬ್ಬ ವಿದ್ಯುತ್ ಗ್ರಾಹಕ, ರಾಯಚೂರು