ಮಾಡುವುದು ಮತ್ತು ಮಾಡಿಸುವುದು: ಮರಗೆಲಸದ ಹವ್ಯಾಸದಲ್ಲಿ ಉತ್ಸಾಹದ ಪ್ರಶ್ನೆ

ಕನ್ನಡ ವ್ಯಾಕರಣದಲ್ಲಿ 'ಮಾಡು' ಎಂಬ ಧಾತುವಿಗೆ 'ಇಸು' ಪ್ರತ್ಯಯ ಸೇರಿ 'ಮಾಡಿಸು' ಎಂದಾದಾಗ ಆ ರೂಪವನ್ನು ಪ್ರೇರಣಾರ್ಥಕ ಎನ್ನುತ್ತಾರೆ. ಅಲ್ಲಿ ಕೈ ಒಬ್ಬನದು, ಆ ಕೈಯನ್ನು ಕೆಲಸಕ್ಕೆ ಹಚ್ಚುವ ಇಚ್ಛೆ ಇನ್ನೊಬ್ಬನದು. ಇಂದಿನ ಮನೋವಿಜ್ಞಾನದ ಬರಹಗಳಲ್ಲಿ 'ಪ್ರೇರಣೆ' ಎಂಬುದು ಒಳಗಿನ ಹುರುಪಿನ ಹೆಸರಾಗಿ ನೆಲೆಗೊಂಡಿದ್ದರೂ ವ್ಯಾಕರಣ ಕಾಪಾಡಿಕೊಂಡು ಬಂದಿರುವ ಅರ್ಥ ಹೊರಗಿನ ಒತ್ತಾಯದ್ದೇ ಆಗಿದೆ. ಹವ್ಯಾಸಗಳ ವಿಚಾರದಲ್ಲಿ ಈ ಭೇದ ಸಾಕಷ್ಟು ಉಪಯೋಗಕ್ಕೆ ಬರುತ್ತದೆ. ರಜೆಯ ದಿನ ಉಳಿ, ಗರಗಸ, ಹತ್ತರಿಗಳನ್ನು ಹರಡಿಕೊಂಡು ಕುಳಿತ ವ್ಯಕ್ತಿ ಮೊದಮೊದಲು ಮರಗೆಲಸವನ್ನು ಮಾಡುತ್ತಾನೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಅದೇ ಕೆಲಸವನ್ನು ತನ್ನಿಂದ ತಾನೇ ಮಾಡಿಸಿಕೊಳ್ಳಬೇಕಾದ ಸ್ಥಿತಿಗೆ ಬಂದಿರುತ್ತಾನೆ, ಅರ್ಧ ಕೊರೆದ ಪೆಟ್ಟಿಗೆಯೊಂದು ಮೂಲೆಯಲ್ಲಿ ಧೂಳು ಹಿಡಿಯುತ್ತಿರುತ್ತದೆ. ಯಾರೂ ಹೇರದೆ, ಸಂಬಳದ ಆಸೆಯಿಲ್ಲದೆ ಹಿಡಿದ ಕೆಲಸ ಹೀಗೆ 'ಮಾಡು'ವಿನಿಂದ 'ಮಾಡಿಸು'ವಿಗೆ ಜಾರುವುದೇಕೆ ಮತ್ತು ಜಾರಿದ್ದು ಮರಳುವುದು ಹೇಗೆ ಎಂಬುದು ಇಲ್ಲಿನ ಪ್ರಶ್ನೆ.

ವೃತ್ತಿಯ ಬಡಗಿಗೆ ಈ ಪ್ರಶ್ನೆ ಇದೇ ರೂಪದಲ್ಲಿ ಎದುರಾಗುತ್ತಿರಲಿಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬಡಗಿ ಆಯಗಾರರಲ್ಲಿ ಒಬ್ಬನಾಗಿದ್ದ. ಆಯಗಾರನೆಂದರೆ ವರ್ಷವಿಡೀ ಊರಿಗೆ ಸಲ್ಲಿಸಿದ ಸೇವೆಗೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಗೊತ್ತಾದ ಪಾಲಿನ ಧಾನ್ಯ ಪಡೆಯುವವನು. ಮುಂಗಾರಿಗೆ ಮೊದಲು ನೇಗಿಲು, ಕುಂಟೆ, ಕೂರಿಗೆಗಳು ಸಿದ್ಧವಾಗದಿದ್ದರೆ ಬಿತ್ತನೆ ತಪ್ಪುತ್ತಿದ್ದುದರಿಂದ ಮಳೆ, ರೈತನ ತಗಾದೆ, ಕಣದ ಪಾಲು ಇವೆಲ್ಲ ಸೇರಿ ಅವನ ಕೈಯನ್ನು ನಡೆಸುತ್ತಿದ್ದವು. ಮನಸ್ಸಿಲ್ಲದ ದಿನವೂ ಅವನು ಬಾಚಿ ಎತ್ತಲೇಬೇಕಿತ್ತು. ಆ ವ್ಯವಸ್ಥೆಗೆ ಜಾತಿಯ ಕಟ್ಟು ಇದ್ದುದರಿಂದ ಅದನ್ನು ಹಾಡಿ ಹೊಗಳಬೇಕಾದ ಕಾರಣವಿಲ್ಲವಾದರೂ, ಕೆಲಸ ನಡೆಯುವುದಕ್ಕೆ ಒಬ್ಬನ ಮನೋಧರ್ಮವೊಂದನ್ನೇ ಅದು ನೆಚ್ಚಿಕೊಂಡಿರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಹವ್ಯಾಸಿಗೆ ಈ ಆಧಾರಗಳಾವುವೂ ಇಲ್ಲ. ಹಾಗಾಗಿ ಅವನಿಗೆ ಕಾಯಕ ತತ್ತ್ವವನ್ನು ಬೋಧಿಸುವುದು, ನಮ್ಮಲ್ಲಿ ಎಷ್ಟೇ ರೂಢಿಯಾಗಿದ್ದರೂ, ಹೊಂದುವ ಮಾತಲ್ಲ; ಶರಣರ ಕಾಯಕ ಜೀವನೋಪಾಯದ ದುಡಿಮೆ, ಅದರ ಫಲ ದಾಸೋಹಕ್ಕೆ ಸಲ್ಲಬೇಕಾದದ್ದು. ಬೇಡವೆನಿಸಿದಾಗ ಬಿಟ್ಟುಬಿಡಬಹುದೆಂಬ ಸ್ವಾತಂತ್ರ್ಯವೇ ಹವ್ಯಾಸದ ಲಕ್ಷಣವಾಗಿರುವಾಗ, ಅದು ಸೊರಗಿದ್ದಕ್ಕೆ ನೈತಿಕ ದೋಷವನ್ನು ಹೊರಿಸುವುದು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿದಂತೆ.

ದೋಷಾರೋಪಣೆಯ ಬದಲಿಗೆ ಬೇಕಾದದ್ದು ವಿಂಗಡಣೆ, ಅದಕ್ಕೆ ಭರತನ ನಾಟ್ಯಶಾಸ್ತ್ರ ಒಳ್ಳೆಯ ಸಲಕರಣೆ ಒದಗಿಸುತ್ತದೆ. ಅದು ಉತ್ಸಾಹವನ್ನು ವೀರರಸದ ಸ್ಥಾಯಿಭಾವವೆಂದು, ಅಂದರೆ ರಸವಾಗಿ ಪಕ್ವವಾಗಬಲ್ಲ ನೆಲೆಯ ಭಾವವೆಂದು ಎಣಿಸುತ್ತದೆ. ಬಂದುಹೋಗುವ 33 ವ್ಯಭಿಚಾರಿಭಾವಗಳಲ್ಲಿ ಶ್ರಮ, ಆಲಸ್ಯ, ವಿಷಾದ, ನಿರ್ವೇದಗಳನ್ನು ಬೇರೆಬೇರೆಯಾಗಿ ಇಟ್ಟು ಒಂದೊಂದಕ್ಕೂ ಪ್ರತ್ಯೇಕ ಕಾರಣಗಳನ್ನು ಹೇಳುತ್ತದೆ. ರಂಗಭೂಮಿಗಾಗಿ ಮಾಡಿದ ಈ ವರ್ಗೀಕರಣವನ್ನು ಮರಗೆಲಸದ ಕೋಣೆಗೆ ಎಳೆದು ತರುವುದು ತುಸು ಸಲಿಗೆಯ ಕೆಲಸವೇ ಸರಿ. ಆದರೆ 'ಮೂಡ್ ಇಲ್ಲ' ಎಂಬ ಒಂದೇ ಮಾತಿನಲ್ಲಿ ಈ ನಾಲ್ಕನ್ನೂ ಕಲಸಿಬಿಡುವ ಇಂದಿನ ಅಭ್ಯಾಸಕ್ಕಿಂತ ಅದು ಹೆಚ್ಚು ಸ್ಪಷ್ಟ. ದಿನವಿಡೀ ದುಡಿದು, ಎರಡು ಗಂಟೆ ವಾಹನಗಳ ನಡುವೆ ಸಿಕ್ಕಿ ಬಂದವರಿಗೆ ಸಂಜೆ ಗರಗಸ ಎತ್ತಲಾಗದಿದ್ದರೆ ಅದು ಶ್ರಮ, ಅದಕ್ಕೆ ಮದ್ದು ನಿದ್ದೆ. ಆಲಸ್ಯದ ಪಾಲು ಜನ ಅಂದುಕೊಳ್ಳುವುದಕ್ಕಿಂತ ಕಡಿಮೆ, ಏಕೆಂದರೆ ಸಹಜವಾಗಿ ಸೋಮಾರಿಯಾದ ಮನುಷ್ಯ ಇಷ್ಟು ಧೂಳು, ಸದ್ದು, ಖರ್ಚಿನ ಹವ್ಯಾಸವನ್ನು ಆರಿಸಿಕೊಳ್ಳುವುದೇ ಅಪರೂಪ. ಹೆಚ್ಚು ವಿಚಾರ ಬೇಡುವವು ಉಳಿದ ಎರಡು.

ಭರತನ ಪ್ರಕಾರ ವಿಷಾದ ಹುಟ್ಟುವುದು ಮುಖ್ಯವಾಗಿ ಕೈಗೊಂಡ ಕಾರ್ಯ ದಡ ಮುಟ್ಟದಿರುವುದರಿಂದ, ದೈವವಶಾತ್ ಒದಗುವ ವಿಪತ್ತಿನಿಂದ. ಮರಗೆಲಸದಲ್ಲಿ ಇವೆರಡೂ ಒಟ್ಟಿಗೆ ಬರುತ್ತವೆ, ಏಕೆಂದರೆ ಈ ಕೆಲಸದ ಸಾಮಗ್ರಿ ಕಡಿದ ಮೇಲೂ ಮಿಸುಕಾಡುವಂಥದು. ಮರ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರಿ ಉಬ್ಬುತ್ತದೆ, ಬಿಟ್ಟು ಕುಗ್ಗುತ್ತದೆ. ಉದ್ದದಲ್ಲಿ ಈ ವ್ಯತ್ಯಾಸ ಲೆಕ್ಕಕ್ಕಿಲ್ಲದಷ್ಟು ಅಲ್ಪ, ಅಡ್ಡಕ್ಕೆ ಗಣನೀಯ, ಅಡ್ಡದಲ್ಲೂ ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ ತಿರುಳಿನಿಂದ ತೊಗಟೆಯ ಕಡೆಗಿನದಕ್ಕಿಂತ ಸುಮಾರು ಎರಡು ಪಟ್ಟು. ಬಹಳ ಸ್ಥಿರವೆಂದು ಹೆಸರಾದ ತೇಗದಲ್ಲೇ ಹಸಿ ಸ್ಥಿತಿಯಿಂದ ಪೂರ್ತಿ ಒಣಗುವವರೆಗಿನ ಕುಗ್ಗುವಿಕೆ ಈ ಎರಡು ದಿಕ್ಕುಗಳಲ್ಲಿ ಕ್ರಮವಾಗಿ ನೂರಕ್ಕೆ 5.8 ಮತ್ತು 2.5ರಷ್ಟು. ಬೇಸಗೆಯಲ್ಲಿ ನೂರಕ್ಕೆ ಹತ್ತರಷ್ಟು ತೇವವಿದ್ದ ಹಲಗೆ ಮಲೆನಾಡಿನ ಅಥವಾ ಕರಾವಳಿಯ ಮಳೆಗಾಲದಲ್ಲಿ ಹದಿನಾರರವರೆಗೆ ಏರಿದರೆ, ಉಂಗುರಗಳ ಗುಂಟ ಸೀಳಿದ 300 ಮಿಲಿಮೀಟರ್ ಅಗಲದ ತೇಗದ ಹಲಗೆ ಮೂರು ಮಿಲಿಮೀಟರಿಗೂ ಹೆಚ್ಚು ಅಗಲವಾಗುತ್ತದೆ. ಏಪ್ರಿಲ್‌ನಲ್ಲಿ ಬೆಣ್ಣೆಯಂತೆ ಜಾರುತ್ತಿದ್ದ ಮೇಜಿನ ಖಾನೆ ಜುಲೈನಲ್ಲಿ ಎರಡು ಕೈ ಹಾಕಿ ಎಳೆದರೂ ಬಾರದಿರುವುದಕ್ಕೆ ಇಷ್ಟು ಸಾಕು.

ಈ ಲೆಕ್ಕ ಗೊತ್ತಿಲ್ಲದ ಹವ್ಯಾಸಿ ಖಾನೆ ಕಚ್ಚಿಕೊಂಡದ್ದನ್ನು ತನ್ನ ಕೈಯ ಅಸಾಮರ್ಥ್ಯವೆಂದು ಓದಿಕೊಳ್ಳುತ್ತಾನೆ. ಆ ತಪ್ಪು ಓದಿನಿಂದ ಹುಟ್ಟಿದ ವಿಷಾದ ಮುಂದಿನ ಕೆಲಸಕ್ಕೂ ಅಂಟಿಕೊಳ್ಳುತ್ತದೆ. ಹಳೆಯ ಬಾಗಿಲುಗಳಲ್ಲಿ ಅಗಲವಾದ ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಸಡಿಲವಾಗಿ ಕೂರಿಸಿ, ಅಂಟೂ ಮೊಳೆಯೂ ಇಲ್ಲದೆ ಉಬ್ಬಿ ಕುಗ್ಗಲು ಜಾಗ ಬಿಡುತ್ತಿದ್ದುದು ಅಂದದ ದೃಷ್ಟಿಯಿಂದ ಮಾತ್ರವಲ್ಲ, ಮರದ ಈ ಸ್ವಭಾವವನ್ನು ಒಪ್ಪಿಕೊಂಡದ್ದರಿಂದ. ಸೋಲಿನ ಕಾರಣ ತಿಳಿದೊಡನೆ ವಿಷಾದ ಕುತೂಹಲಕ್ಕೆ ತಿರುಗುವುದುಂಟು, ಆದರೆ ಯಾವಾಗಲೂ ಅಲ್ಲ. ಕೈಬೆರಳಿಗೆ ಯಂತ್ರದ ಗರಗಸ ತಗುಲಿದವರ ಹಿಂಜರಿಕೆ ಯಾವ ತಿಳಿವಳಿಕೆಗೂ ಬೇಗ ಕರಗುವುದಿಲ್ಲ, ಕರಗಲೇಬೇಕೆಂದು ಹೇಳುವ ಹಕ್ಕೂ ಯಾರಿಗೂ ಇಲ್ಲ.

ನಿರ್ವೇದ, ಅಂದರೆ ರುಚಿ ಕೆಟ್ಟು ಮನಸ್ಸು ದೂರ ಸರಿಯುವ ಬೇಸರ, ಇನ್ನೂ ಸೂಕ್ಷ್ಮವಾದದ್ದು, ಏಕೆಂದರೆ ಅದು ಕೈ ಪಳಗಿದ ಮೇಲೆ, ಗೆಲುವಿನ ನಡುವೆಯೇ ಬರುತ್ತದೆ. ನೆಂಟರ ಮನೆಗೆ ಮಾಡಿಕೊಟ್ಟ ಪುಸ್ತಕದ ಕಪಾಟನ್ನು ನೋಡಿದ ಮೂರನೆಯವರು ದುಡ್ಡು ಕೊಟ್ಟು ತಮಗೊಂದು ಬೇಕೆನ್ನುತ್ತಾರೆ. ಆಮೇಲೆ ಅಳತೆ ಅವರದು, ಬಣ್ಣ ಅವರದು, ಗಡುವೂ ಅವರದು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ಈ ಸನ್ನಿವೇಶವನ್ನು ಬಹುಮಟ್ಟಿಗೆ ವಿವರಿಸುತ್ತದೆ. ಘನಾಕಾರದ ತುಂಡುಗಳನ್ನು ಜೋಡಿಸುವ ಸೋಮಾ ಎಂಬ ಒಗಟನ್ನು ಬಿಡಿಸಲು ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ, ಬಿಡಿಸಿದ ಪ್ರತಿ ಆಕೃತಿಗೂ ಒಂದು ಡಾಲರಿನಂತೆ, ಒಂದು ಸುತ್ತಿನಲ್ಲಿ ಹಣ ಕೊಟ್ಟು ಮುಂದಿನ ಸುತ್ತಿನಲ್ಲಿ ನಿಲ್ಲಿಸಿದಾಗ, ಬಿಡುವಿನ ವೇಳೆಯಲ್ಲಿ ಅವರು ಒಗಟಿನ ಕಡೆ ತಿರುಗುವುದು ಮೊದಲಿಗಿಂತ ಕಡಿಮೆಯಾಯಿತು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳಲ್ಲಿ ಇದನ್ನೇ ಬೇರೆ ಬಗೆಯಲ್ಲಿ ಕಂಡರು: ಚಿತ್ರ ಬರೆದರೆ ಬಹುಮಾನ ಸಿಗುತ್ತದೆಂದು ಮೊದಲೇ ತಿಳಿದು ಬರೆದ ಮಕ್ಕಳು ಆಮೇಲೆ ಚಿತ್ರ ಬರೆಯುವುದರಲ್ಲಿ ಕಳೆದ ಹೊತ್ತು ಉಳಿದವರ ಅರ್ಧದಷ್ಟಕ್ಕೆ ಇಳಿಯಿತು, ಹೇಳದೆ ಬಹುಮಾನ ಪಡೆದವರಲ್ಲಿ ಇಂಥ ಇಳಿಕೆ ಕಾಣಲಿಲ್ಲ.

ಈ ಫಲಿತಾಂಶಗಳ ವ್ಯಾಪ್ತಿಯ ಬಗ್ಗೆ 1990ರ ದಶಕದಲ್ಲಿ ವಿದ್ವಾಂಸರ ನಡುವೆ ಬಿಸಿಬಿಸಿ ವಾಗ್ವಾದ ನಡೆದಿದೆ. ಹಣ ಮುಟ್ಟಿದೊಡನೆ ಆಸಕ್ತಿ ಸತ್ತುಹೋಗುತ್ತದೆಂಬ ಸರಳ ಸೂತ್ರವನ್ನು ಅವುಗಳಿಂದ ತೆಗೆಯಲಾಗದು. ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಕಟ್ಟಿದ ಸಿದ್ಧಾಂತ ಹೆಚ್ಚು ಹದವಾಗಿದೆ: ತಾನೇ ಆರಿಸಿಕೊಂಡದ್ದೆಂಬ ಭಾವ, ಕೈಲಾಗುತ್ತದೆಂಬ ನಂಬಿಕೆ, ಇತರರೊಡನೆ ನಂಟು, ಈ ಮೂರು ದೊರೆಯುವಲ್ಲಿ ಒಳಗಿನ ಆಸಕ್ತಿ ಉಳಿಯುತ್ತದೆ, ಪ್ರತಿಫಲ ಇವುಗಳನ್ನು ಹಿಂಡುವಲ್ಲಿ ಬಾಡುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಇದಕ್ಕೆ ಒಳ್ಳೆಯ ನಿದರ್ಶನ. 1980ರ ಚುನಾವಣೆಯಲ್ಲಿ ಸೋತು ಅಧಿಕಾರ ಬಿಡುವಾಗ, ಸಂಪುಟದವರೂ ಸಿಬ್ಬಂದಿಯೂ ಚಂದಾ ಎತ್ತಿ ಜೀಪು ಕೊಡಿಸಲು ಹೊರಟಿದ್ದನ್ನು ತಿಳಿದು, ಅದರ ಬದಲಿಗೆ ಮರಗೆಲಸದ ಸಲಕರಣೆಗಳನ್ನು ಬಯಸಿ ಪಡೆದ ಅವರು, ಪ್ಲೇನ್ಸ್ ಎಂಬ ತಮ್ಮ ಊರಿನ ಕೊಟ್ಟಿಗೆಯಲ್ಲಿ ದಶಕಗಳ ಕಾಲ ಪೀಠೋಪಕರಣ ಮಾಡಿದರು. ಅವುಗಳಲ್ಲಿ ಕೆಲವು ಅವರದೇ ಸಂಸ್ಥೆಯ ಸಹಾಯಾರ್ಥ ಹರಾಜಿನಲ್ಲಿ ದೊಡ್ಡ ಮೊತ್ತ ತಂದವು. ಇಲ್ಲಿ ಹಣ ಬಂತು, ಆದರೆ ಅದು ಅಳತೆಗೋಲನ್ನು ಹಿಡಿದು ಕೋಣೆಯೊಳಗೆ ಕಾಲಿಡಲಿಲ್ಲ.

ನಿರ್ವೇದಕ್ಕೆ ಇನ್ನೊಂದು ದಾರಿಯಿದೆ, ಅದು ಅಂಗಡಿಯ ಮೂಲಕ ಹಾದುಹೋಗುತ್ತದೆ. ಮರಾಠಿಯಲ್ಲಿ 'ಹವ್ಯಾಸ' ಎಂದರೆ ಅತಿಯಾಸೆ, ಹಪಹಪಿ. ಕನ್ನಡದಲ್ಲಿ ಆ ಪದ ಸಾಧುವಾಗಿದ್ದರೂ ಒಂದು ಉಳಿ ಸಾಲದೆ ಆರು, ಆರು ಸಾಲದೆ ಆಮದಾದ ಹನ್ನೆರಡು ಕೊಳ್ಳುವವರಲ್ಲಿ ಎರಡು ಅರ್ಥವೂ ಒಟ್ಟಿಗೆ ನೆಲೆಸಿರುತ್ತವೆ. ಕೊಳ್ಳುವುದರಲ್ಲಿ ಮಾಡುವುದರ ಮುನ್ರುಚಿ ಇರುವುದರಿಂದ ಉತ್ಸಾಹ ಅಲ್ಲೇ ಖರ್ಚಾಗಿ, ಹಲಗೆಯ ಮುಂದೆ ನಿಲ್ಲುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಹೀಗಿರುವಾಗ ಕಳೆದುಹೋದ ಉತ್ಸಾಹವನ್ನು ಸಂಕಲ್ಪಬಲದಿಂದ ಹಿಂದೆ ತರಬೇಕೆಂಬ ಸಲಹೆ ಮತ್ತಷ್ಟು 'ಮಾಡಿಸುವುದ'ನ್ನೇ ಸೂಚಿಸುತ್ತದೆ. ಅದಕ್ಕಿಂತ ಫಲಕಾರಿಯಾದದ್ದು ಕೆಲಸವನ್ನು ಕುಗ್ಗಿಸುವುದು. ಮಂಚ, ಕಪಾಟುಗಳ ಯೋಜನೆಯನ್ನು ಬದಿಗಿಟ್ಟು ಒಂದು ಉಳಿಯನ್ನು ಸಾಣೆ ಹಿಡಿಯುವುದು, ಬಾಯಿ ಮುಕ್ಕಾದ ಹತ್ತರಿಯ ಅಲಗನ್ನು ಸರಿಪಡಿಸುವುದು, ಅಳಿದುಳಿದ ಹಲಸಿನ ತುಂಡಿನಲ್ಲಿ ಒಂದು ಸೌಟನ್ನೋ ಮಣೆಯನ್ನೋ ಕೆತ್ತುವುದು ಇವೆಲ್ಲ ಒಂದೇ ಕೂತ ಪಟ್ಟಿನಲ್ಲಿ ದಡ ಮುಟ್ಟುವ ಕೆಲಸಗಳಾದ್ದರಿಂದ ವಿಷಾದಕ್ಕೆ ನೇರ ಉತ್ತರವಾಗುತ್ತವೆ. ಮೊಂಡಾದ ಅಲಗೇ ಎಷ್ಟೋ ಸಲ ಬೇಸರದ ಅಜ್ಞಾತ ಕಾರಣವಾಗಿರುತ್ತದೆ: ಅದು ಎಳೆಯನ್ನು ಕತ್ತರಿಸದೆ ಕಿತ್ತು ಹಾಕುತ್ತದೆ, ಕೈ ಸೋಲುತ್ತದೆ, ಮನಸ್ಸು ಅದಕ್ಕೆ ಬೇರೇನೋ ಹೆಸರಿಡುತ್ತದೆ. ಜಪಾನಿನ ಕೆಝುರೋಕಾಯ್ ಎಂಬ ಕೂಟಗಳಲ್ಲಿ ಬಡಗಿಗಳೂ ಹವ್ಯಾಸಿಗಳೂ ಸೇರಿ ಯಾವ ವಸ್ತುವನ್ನೂ ಮಾಡದೆ, ಹತ್ತರಿಯಿಂದ ಅತಿ ತೆಳುವಾದ ಸುರುಳಿಯನ್ನು ತೆಗೆಯುವುದರಲ್ಲೇ ಪೈಪೋಟಿ ನಡೆಸುತ್ತಾರೆ. ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕಿಂತ ತೆಳುವಾದ ಸುರುಳಿಗಳು ಅಲ್ಲಿ ಅಳತೆಗೆ ಸಿಗುತ್ತವೆ.

ವಸ್ತುವೇ ಹುಟ್ಟದ ಕೆಲಸ ಬರಿಯ ಆಟವಾಗುವುದಿಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪೀಠೋಪಕರಣ ವಿನ್ಯಾಸದ ಪ್ರಾಧ್ಯಾಪಕರಾಗಿದ್ದ ಡೇವಿಡ್ ಪೈ 1968ರ ತಮ್ಮ ಗ್ರಂಥದಲ್ಲಿ ಕೆಲಸಗಾರಿಕೆಯನ್ನು ಎರಡಾಗಿ ವಿಂಗಡಿಸಿದರು. ಫಲಿತಾಂಶ ಯಂತ್ರದಲ್ಲೋ ಅಚ್ಚಿನಲ್ಲೋ ಮೊದಲೇ ಗೊತ್ತಾಗಿರುವುದು ನಿಶ್ಚಿತತೆಯ ಕೆಲಸಗಾರಿಕೆ; ಕೊನೆಯ ಗಳಿಗೆಯವರೆಗೂ ಕೈತಪ್ಪಿ ಕೆಡಬಹುದಾದದ್ದು ಅಪಾಯದ ಕೆಲಸಗಾರಿಕೆ. ಕೈಕೆಲಸದ ರುಚಿ ಈ ಎರಡನೆಯದರಲ್ಲಿದೆಯೆಂದು ಒಪ್ಪುವುದಾದರೆ ಸಾಣೆ ಹಿಡಿಯುತ್ತಲೇ ಕೂರುವುದು ಸಾಲದು, ಕೆಡಬಹುದಾದ ಏನನ್ನಾದರೂ ಮಾಡಲೇಬೇಕು. ಆದರೆ ಕೆಟ್ಟರೆ ಆಗುವ ನಷ್ಟ ಸಹಿಸುವಷ್ಟಿರಬೇಕು. ದುಬಾರಿ ಬೀಟೆಯ ಹಲಗೆಯ ಮೇಲೆ ಕಲಿಕೆಯ ಗಾಯ ಮಾಡುವುದಕ್ಕಿಂತ ತೋಟದ ಸಿಲ್ವರ್ ಓಕ್ ಮೇಲೆ ಮಾಡುವುದು ವಿವೇಕ. ಈ ಹದ ಸಿಕ್ಕಿದವರಲ್ಲಿ ಆಸಕ್ತಿ ಬಹುಕಾಲ ಬಾಳುತ್ತದೆ. ಪೀಠೋಪಕರಣ ಶಿಲ್ಪಿ ಜೇಮ್ಸ್ ಕ್ರೆನಾವ್ ಮುಪ್ಪಿನಲ್ಲಿ ದೃಷ್ಟಿ ಮಂದವಾಗಿ ತಮಗೆ ಹೆಸರು ತಂದಿದ್ದ ಕಪಾಟುಗಳ ಕೆಲಸವನ್ನು ನಿಲ್ಲಿಸಬೇಕಾಗಿ ಬಂದಾಗ, ಸ್ಪರ್ಶದ ನೆರವಿನಿಂದ ಮರದ ಹತ್ತರಿಗಳನ್ನು ಮಾಡತೊಡಗಿದರು. 2009ರಲ್ಲಿ ತೀರಿಕೊಳ್ಳುವ ಮುನ್ನಿನ ವರ್ಷಗಳಲ್ಲಿ ಅವರ ಕೈ ನಡೆದದ್ದು ಅದರ ಮೇಲೆ.

ಹಾಗೆಂದು ಪ್ರತಿಯೊಬ್ಬರೂ ಮರಳಲೇಬೇಕೆಂಬ ನಿಯಮವಿಲ್ಲ. ರೈತ ಸತ್ವ ಕಳೆದುಕೊಂಡ ಹೊಲವನ್ನು ಒಂದು ಹಂಗಾಮು ಬೀಳು ಬಿಡುತ್ತಾನೆ, ಹಾಗೆ ಬಿಟ್ಟದ್ದನ್ನು ಯಾರೂ ಸೋಲೆಂದು ಕರೆಯುವುದಿಲ್ಲ. ಕೆಲವರಿಗೆ ಮರಗೆಲಸ ಕಲಿಸಬೇಕಾದದ್ದನ್ನು ಕಲಿಸಿ ಮುಗಿಸಿರಲೂಬಹುದು. ಬೀಳು ಯಾವುದು, ವಿದಾಯ ಯಾವುದು ಎಂಬುದು ಬಿಟ್ಟ ದಿನವೇ ತಿಳಿಯುವಂಥದಲ್ಲವಾದ್ದರಿಂದ, ಕೋಣೆಗೆ ಬೀಗ ಹಾಕುವವರು ಉಳಿ, ಗರಗಸ, ಹತ್ತರಿಯ ಅಲಗುಗಳಿಗೆ ತೆಳುವಾಗಿ ಎಣ್ಣೆ ಸವರಿ ಬಟ್ಟೆ ಸುತ್ತಿಡುವುದನ್ನು ಮರೆಯಬಾರದು. ನಮ್ಮ ಮಳೆಗಾಲದಲ್ಲಿ ತುಕ್ಕಿಗೆ ಒಂದು ವಾರ ಸಾಕು.