‘ಆದ್ದರಿಂದ’ ಎನ್ನುವ ಮುನ್ನ

ವಿಜ್ಞಾನದ ಉತ್ತರಪತ್ರಿಕೆ ತಿದ್ದುವವರಿಗೆಲ್ಲ ಪರಿಚಿತವಾದ ಒಂದು ಬಗೆಯ ಉತ್ತರವಿದೆ. ‘ಕಿಟಕಿಯ ಕಬ್ಬಿಣದ ಸರಳುಗಳಿಗೆ ಬಣ್ಣ ಬಳಿಯುತ್ತಾರೆ. ಕಾರಣ ಕೊಡಿ’ ಎಂಬ ಪ್ರಶ್ನೆಗೆ ವಿದ್ಯಾರ್ಥಿ ಹೀಗೆ ಬರೆದಿರುತ್ತಾನೆ: ‘ಕಬ್ಬಿಣ ತುಕ್ಕು ಹಿಡಿಯುತ್ತದೆ ಮತ್ತು ಬಣ್ಣ ಬಳಿಯುತ್ತಾರೆ.’ ಹುಡುಗನಿಗೆ ಸಮಸ್ಯೆ ಗೊತ್ತು, ಪರಿಹಾರವೂ ಗೊತ್ತು. ಇವೆರಡಕ್ಕೂ ಇರುವ ಸಂಬಂಧವನ್ನು ಹೇಳಬೇಕಾದ ಜಾಗದಲ್ಲಿ ಮಾತ್ರ ‘ಮತ್ತು’ ಎಂದು ಬರೆದು ಮುಂದೆ ಹೋಗಿದ್ದಾನೆ. ಎರಡು ಅಂಕದಲ್ಲಿ ಒಂದು ಅಂಕ ಹೋಯಿತು.

ಸ್ವತಂತ್ರವಾಗಿ ನಿಲ್ಲಬಲ್ಲ ಎರಡು ಮೂರು ವಾಕ್ಯಗಳು ಕೂಡಿ ಒಂದೇ ಅಭಿಪ್ರಾಯವನ್ನು ಕೊಟ್ಟರೆ ಅದು ಸಂಯೋಜಿತ ವಾಕ್ಯ ಎಂದು ಮಕ್ಕಳು ಕನ್ನಡ ವ್ಯಾಕರಣದಲ್ಲಿ ಓದುತ್ತಾರೆ. ಕನ್ನಡ ಪರೀಕ್ಷೆ ಮುಗಿದ ಮರುದಿನ ಮರೆತೂ ಬಿಡುತ್ತಾರೆ. ಆದರೆ ಈ ಪಾಠದ ಅಗತ್ಯ ವಿಜ್ಞಾನದ ತರಗತಿಯಲ್ಲೂ ಅಷ್ಟೇ ಇದೆ. ಮೇಲಿನ ಉತ್ತರವನ್ನು ಹೀಗೆ ಬರೆದು ನೋಡೋಣ: ‘ಕಬ್ಬಿಣವು ಗಾಳಿಯ ಆಮ್ಲಜನಕ ಹಾಗೂ ತೇವಾಂಶದ ಸಂಪರ್ಕದಿಂದ ತುಕ್ಕು ಹಿಡಿಯುತ್ತದೆ, ಬಣ್ಣದ ಪದರ ಇವೆರಡನ್ನೂ ಕಬ್ಬಿಣಕ್ಕೆ ತಾಗದಂತೆ ತಡೆಯುತ್ತದೆ, ಆದ್ದರಿಂದ ಸರಳುಗಳಿಗೆ ಬಣ್ಣ ಬಳಿಯುತ್ತಾರೆ.’ ಇಲ್ಲಿ ಹೊಸದಾಗಿ ಸೇರಿದ್ದು ಕಾರಣ. ಕಾರಣ ಬಂದ ಮೇಲೆ ‘ಆದ್ದರಿಂದ’ ತಾನಾಗಿಯೇ ಬಂದು ಕೂರುತ್ತದೆ.

ಹಾಗಾದರೆ ‘ಮತ್ತು’ ಹೊಡೆದು ಹಾಕಿ ‘ಆದ್ದರಿಂದ’ ಬರೆದರೆ ಸಾಕೆ? ಸಾಲದು. ಈ ವಾಕ್ಯವನ್ನು ಗಮನಿಸಿ: ‘ನಮ್ಮೂರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ, ಆದ್ದರಿಂದ ನೀರನ್ನು ಕುದಿಸಿ ಕುಡಿಯಬೇಕು.’ ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ಎಳ್ಳಷ್ಟೂ ದೋಷವಿಲ್ಲ. ವಿಜ್ಞಾನದ ದೃಷ್ಟಿಯಿಂದ ಪೂರ್ತಿ ತಪ್ಪು!

ಕುದಿಸುವುದು ರೋಗಾಣುಗಳಿಗೆ ಮದ್ದು, ಫ್ಲೋರೈಡಿಗಲ್ಲ. ರೋಗಾಣು ಜೀವಿ, ಬಿಸಿಗೆ ಸಾಯುತ್ತದೆ. ಫ್ಲೋರೈಡ್ ನೀರಿನಲ್ಲಿ ಕರಗಿರುವ ಲವಣದ ಅಂಶ. ನೀರು ಆವಿಯಾಗಿ ಹೋದರೂ ಅದು ಪಾತ್ರೆಯಲ್ಲೇ ಉಳಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರನ್ನು ಕುದಿಸಿದಾಗ 9 ಲೀಟರ್ ಉಳಿಯಿತೆನ್ನಿ. ಮೊದಲಿದ್ದ 20 ಮಿಲಿಗ್ರಾಂ ಈಗ 9 ಲೀಟರಿನಲ್ಲಿದೆ, ಅಂದರೆ ಲೀಟರಿಗೆ ಸುಮಾರು 2.2 ಮಿಲಿಗ್ರಾಂ. ಪರಿಹಾರವೆಂದುಕೊಂಡದ್ದು ಸಮಸ್ಯೆಯನ್ನೇ ಹೆಚ್ಚಿಸಿತು.

ಇದು ಬರೀ ಅಂಕದ ಮಾತಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಪಾವಗಡದಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರು ಈ ಮಿತಿಯನ್ನು ದಾಟಿರುವುದುಂಟು. ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಇಂಥ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲುಗಳು ಬಿಗಿಯುತ್ತವೆ. ತಪ್ಪು ‘ಆದ್ದರಿಂದ’ವನ್ನು ನಂಬಿದ ಮನೆಯವರು ದಿನವೂ ಸೌದೆ ಸುಟ್ಟು, ನೆಮ್ಮದಿಯಿಂದ ಅದೇ ನೀರನ್ನು ಮಕ್ಕಳಿಗೆ ಕುಡಿಸುತ್ತಾರೆ.

ಇಂಥ ತಪ್ಪನ್ನು ಹಿಡಿಯಲು ಒಂದು ಸುಲಭ ಉಪಾಯವಿದೆ. ಕಳೆಯುವ ಲೆಕ್ಕವನ್ನು ಕೂಡಿ ತಾಳೆ ನೋಡುತ್ತೇವಲ್ಲ, ಹಾಗೆಯೇ ‘ಆದ್ದರಿಂದ’ ಇರುವ ವಾಕ್ಯವನ್ನು ‘ಏಕೆಂದರೆ’ ಹಾಕಿ ತಿರುಗಿಸಿ ಓದಬೇಕು. ‘ನೀರನ್ನು ಕುದಿಸಬೇಕು, ಏಕೆಂದರೆ ಕುದಿಸಿದಾಗ ಫ್ಲೋರೈಡ್...’ ಏನಾಗುತ್ತದೆ? ಸಾಯುತ್ತದೆಯೆ? ಅದು ಜೀವಿಯಲ್ಲ. ಆವಿಯಾಗಿ ಹೋಗುತ್ತದೆಯೆ? ಇಲ್ಲ. ವಾಕ್ಯ ಅಲ್ಲಿಗೇ ನಿಂತಿತು. ವಾಕ್ಯ ನಿಂತ ಕಡೆಯೇ ತಪ್ಪು ಇದೆ ಎಂದು ತಿಳಿಯಬೇಕು.

ಈಗ ಸರಿಯಾದದ್ದನ್ನು ತಾಳೆ ನೋಡಿ. ‘ಮಳೆನೀರನ್ನು ಹಿಡಿದು ಕುಡಿಯಲು ಬಳಸಬೇಕು, ಏಕೆಂದರೆ ಫ್ಲೋರೈಡ್ ಬರುವುದು ಭೂಮಿಯೊಳಗಿನ ಬಂಡೆಗಳಿಂದ, ಮಳೆನೀರು ಆ ಬಂಡೆಗಳನ್ನು ಮುಟ್ಟಿರುವುದಿಲ್ಲ.’ ವಾಕ್ಯ ಸಲೀಸಾಗಿ ಮುಗಿಯಿತು. ಇದಕ್ಕೆ ಮೂರನೆಯ ಕೊಂಡಿಯೊಂದನ್ನು ಸೇರಿಸುವುದು ಒಳ್ಳೆಯದು, ಅದು ‘ಆದರೆ’. ‘ಆದರೆ ಮೊದಲ ಮಳೆಯ ನೀರನ್ನು ಹರಿಯಬಿಡಬೇಕು, ಅದರಲ್ಲಿ ಚಾವಣಿಯ ಕೊಳೆ ಇರುತ್ತದೆ.’ ಪರಿಹಾರದ ಮಿತಿಯನ್ನೂ ಹೇಳಿದಾಗ ಉತ್ತರ ಪೂರ್ಣವಾಗುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದುಂಟು. 1840ರ ದಶಕದ ಲಂಡನ್ನಿನಲ್ಲಿ ಕಾಲರಾ ರೋಗ ದುರ್ವಾಸನೆಯ ಗಾಳಿಯಿಂದ ಬರುತ್ತದೆಂದು ಅಧಿಕಾರಿಗಳು ನಂಬಿದ್ದರು. ಆದ್ದರಿಂದ ಮನೆಗಳ ಮಲಗುಂಡಿಗಳ ಹೊಲಸನ್ನು ಚರಂಡಿಗಳ ಮೂಲಕ ಥೇಮ್ಸ್ ನದಿಗೆ ಹರಿಸಿದರು. ಊರಿಗೆ ಕುಡಿಯುವ ನೀರೂ ಅದೇ ನದಿಯಿಂದ ಬರುತ್ತಿತ್ತು! 1848–49ರಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1854ರಲ್ಲಿ ಜಾನ್ ಸ್ನೋ ಎಂಬ ವೈದ್ಯರು ಬ್ರಾಡ್ ಸ್ಟ್ರೀಟ್‌ನ ಸುತ್ತಮುತ್ತ ಸತ್ತವರು ಯಾವ ನೀರು ಕುಡಿದಿದ್ದರೆಂದು ಮನೆಮನೆಗೆ ಹೋಗಿ ವಿಚಾರಿಸಿದರು. ಹೆಚ್ಚಿನವರು ಕುಡಿದದ್ದು ಒಂದೇ ಪಂಪಿನ ನೀರು. ಅವರ ಮಾತಿನಂತೆ ಆ ಪಂಪಿನ ಹಿಡಿಯನ್ನು ತೆಗೆಸಲಾಯಿತು. ಸಮಸ್ಯೆ ಹಿಂದಿನದೇ, ಕಾರಣ ಬದಲಾಯಿತು, ಅದರೊಡನೆ ಪರಿಹಾರವೂ ಬದಲಾಯಿತು.

ತಂದೆತಾಯಿಯರು ಇದನ್ನು ಅಡುಗೆಮನೆಯಲ್ಲೇ ಅಭ್ಯಾಸ ಮಾಡಿಸಬಹುದು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಬೇಗ ಹುದುಗು ಬರುವುದಿಲ್ಲ. ಅಮ್ಮ ಪಾತ್ರೆಯನ್ನು ಒಲೆಯ ಪಕ್ಕದಲ್ಲಿಡುತ್ತಾರೆ. ಏಕೆಂದು ಮಗುವನ್ನು ಕೇಳಿ. ‘ಹಿಟ್ಟು ಉಬ್ಬಲಿ ಎಂದು’ ಎಂಬ ಉತ್ತರಕ್ಕೆ ತೃಪ್ತಿಪಡಬೇಡಿ. ಅದು ಉದ್ದೇಶ, ಕಾರಣವಲ್ಲ. ಹಿಟ್ಟನ್ನು ಹುದುಗಿಸುವ ಸೂಕ್ಷ್ಮಜೀವಿಗಳು ಚಳಿಯಲ್ಲಿ ನಿಧಾನವಾಗಿ ಬೆಳೆಯುತ್ತವೆ, ಆದ್ದರಿಂದ ಪಾತ್ರೆಯನ್ನು ಬೆಚ್ಚಗಿಡಬೇಕು, ಆದರೆ ಬಿಸಿ ಹೆಚ್ಚಾದರೆ ಅವು ಸಾಯುತ್ತವೆ. ಇಷ್ಟನ್ನು ಮಗು ಒಂದೇ ಉಸಿರಿಗೆ ಹೇಳುವವರೆಗೆ ‘ಏಕೆ?’ ಎಂದು ಕೇಳುತ್ತಿರಿ. ಉತ್ತರವನ್ನು ನೀವೇ ಹೇಳಿಬಿಡಬೇಡಿ.

ವಿದ್ಯಾರ್ಥಿಗಳೇ, ಈ ವಾರ ಕೆಳಗಿನ ಮೂರು ಜೋಡಿಗಳನ್ನು ‘ಆದ್ದರಿಂದ’ ಬಳಸಿ ಸಂಯೋಜಿತ ವಾಕ್ಯಗಳನ್ನಾಗಿ ಬರೆಯಿರಿ; ನಡುವೆ ಕಾರಣ ಇರಲೇಬೇಕು. ನಂತರ ‘ಏಕೆಂದರೆ’ ಹಾಕಿ ತಾಳೆ ನೋಡಿ.

1. ಹೊಲದ ಮಣ್ಣಿನಲ್ಲಿ ಆಮ್ಲೀಯತೆ ಹೆಚ್ಚಾಗಿದೆ. ರೈತ ಸುಣ್ಣ ಹಾಕುತ್ತಾನೆ.

2. ಎತ್ತರದ ಬೆಟ್ಟದ ಮೇಲೆ ಅನ್ನ ಬೇಯುವುದು ತಡ. ಅಲ್ಲಿ ಪ್ರೆಷರ್ ಕುಕ್ಕರ್ ಬಳಸುತ್ತಾರೆ.

3. ಊರಿನಲ್ಲಿ ಡೆಂಗಿ ಜ್ವರ ಬಂದಿದೆ. ವಾರಕ್ಕೊಮ್ಮೆ ನೀರಿನ ತೊಟ್ಟಿಯನ್ನು ಖಾಲಿ ಮಾಡಿ, ಉಜ್ಜಿ ಒಣಗಿಸಬೇಕು.

ಮೂರನೆಯದಕ್ಕೆ ಒಂದು ಸೂಚನೆ: ವಾರಕ್ಕೊಮ್ಮೆಯೇ ಏಕೆ, ತಿಂಗಳಿಗೊಮ್ಮೆ ಏಕಲ್ಲ ಎಂಬುದೂ ನಿಮ್ಮ ವಾಕ್ಯದಲ್ಲಿ ಬರಲಿ. ಬರೆದು ಮುಗಿಸಿದ ಮೇಲೆ ನಿಮ್ಮ ಮನೆಯ ತೊಟ್ಟಿಯನ್ನೊಮ್ಮೆ ನೋಡಿಬನ್ನಿ.