ಜಿಪುಣನ ಮೊಣಕೈ
(ಅಂತಿಮ ಬಿ.ಎ. ತರಗತಿ)

ಜಿಪುಣರಿಲ್ಲದ ಊರಿಲ್ಲ, ಜಿಪುಣನಿಗೆ ಅಡ್ಡಹೆಸರಿಡದ ಭಾಷೆಯೂ ಇರಲಾರದು. ನಮ್ಮ ಕನ್ನಡವನ್ನೇ ನೋಡಿ. ಜಿಪುಣ, ಜುಗ್ಗ, ಜೀನ, ಲೋಭಿ, ಕೃಪಣ, ಕಂಜೂಸು ಎಂದು ಒಂದೇ ಉಸಿರಿಗೆ ಅರ್ಧ ಡಜನ್ ಮಾತುಗಳು ನಾಲಗೆಗೆ ಬರುತ್ತವೆ. ಇಷ್ಟು ಸಾಲದೆಂದು 'ಎಂಜಲು ಕೈಯಲ್ಲಿ ಕಾಗೆ ಹೊಡೆಯದವನು' ಎಂಬ ಚಿತ್ರವೊಂದನ್ನೂ ನಮ್ಮ ಹಿರಿಯರು ಬಿಡಿಸಿಟ್ಟು ಹೋಗಿದ್ದಾರೆ. ಕೈ ಬೀಸಿದರೆ ಅಂಟಿಕೊಂಡ ಅಗುಳು ಎಲ್ಲಿ ಕಾಗೆಯ ಪಾಲಾದೀತೋ ಎಂಬ ಭಯ! ಈ ಮಾತನ್ನು ಇಂಗ್ಲೀಷಿಗೆ ತಿರುಗಿಸಿರೆಂದು ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲರೂ 'ಹಿ ಈಸ್ ಎ ಮೈಸರ್' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುವೆವು. ಅಂಕವೂ ಬಂದೀತು. ಆದರೆ ಕಾಗೆ ಎಲ್ಲಿ ಹೋಯಿತು? ಎಂಜಲು ಕೈ ಎಲ್ಲಿ ಹೋಯಿತು?

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಹುಟ್ಟಿದುದು ಕನ್ನಡದಿಂದಲ್ಲ, ದೂರದ ಸ್ಪ್ಯಾನಿಷ್ ಭಾಷೆಯಿಂದ. ನಾನು ಆ ಭಾಷೆಯಲ್ಲಿ ಪಂಡಿತನಲ್ಲ. ಬಿಡುವಿನ ವೇಳೆಯಲ್ಲಿ ನಿಘಂಟನ್ನೂ ಮೊಬೈಲಿನ ಪಾಠಗಳನ್ನೂ ಜೊತೆಯಿಟ್ಟುಕೊಂಡು ಎರಡು ವರ್ಷ ತೊದಲಿದವನು, ಅಷ್ಟೆ. ಆದರೆ ತೊದಲುವವನಿಗೆ ಒಂದು ಲಾಭವುಂಟು. ಬಲ್ಲವರು ಎಡವದೆ ದಾಟಿಹೋಗುವ ಕಲ್ಲುಗಳೆಲ್ಲ ಅವನ ಕಾಲಿಗೆ ತಾಗುತ್ತವೆ. ಹಾಗೆ ನನ್ನ ಕಾಲಿಗೆ ತಾಗಿದ ಕಲ್ಲು, ಜಿಪುಣನನ್ನು ಕುರಿತು ಆ ಜನ ಆಡುವ ಬೀದಿಮಾತು.

ಸ್ಪ್ಯಾನಿಷ್ ಸುಮಾರು 20 ದೇಶಗಳ ಅಧಿಕೃತ ಭಾಷೆ. ಜಿಪುಣನಿಗೆ ಎಲ್ಲೆಡೆಯೂ ಸಲ್ಲುವ ಸಭ್ಯವಾದ ಮಾತು 'ತಕಾನ್ಯೊ' ಎಂಬುದು. ಅದನ್ನು ಇಂಗ್ಲೀಷಿನಲ್ಲಿ 'ಸ್ಟಿಂಜಿ' ಎಂದರೆ ಯಾರ ತಕರಾರೂ ಇಲ್ಲ. ತೊಡಕು ಆರಂಭವಾಗುವುದು ಬೀದಿಗೆ ಇಳಿದಾಗ. ಮೆಕ್ಸಿಕೋ ದೇಶದಲ್ಲಿ ಜಿಪುಣನನ್ನು 'ಕೋದೊ', ಅಂದರೆ ಮೊಣಕೈ, ಎನ್ನುತ್ತಾರೆ. ಬಾಯಿ ಬಿಡಲೂ ಬೇಕಾಗಿಲ್ಲ. ಅಂಗೈಯಿಂದ ತಮ್ಮ ಮೊಣಕೈಯನ್ನು ಎರಡು ಬಾರಿ ತಟ್ಟಿದರೆ ಎದುರಿಗಿದ್ದವರಿಗೆ ಅರ್ಥವಾಗುತ್ತದೆ. ಅರ್ಜೆಂಟೀನಾದಲ್ಲಿ ಅವನು 'ಅಮರ್ರೇತೆ'. ಕಟ್ಟಿಹಾಕು ಎಂಬ ಅರ್ಥದ ಧಾತುವಿನಿಂದ ಬಂದ ಮಾತು. ಅದೇ ದೇಶದವರು ಅವನ ಜೇಬಿನಲ್ಲಿ ಮೊಸಳೆಯಿದೆ ಎಂದೂ ಹೇಳುವುದುಂಟು. ಕೈ ಹಾಕಿದರೆ ಕಚ್ಚೀತು, ಪಾಪ, ಅವನು ತಾನೆ ಏನು ಮಾಡಿಯಾನು! ವೆನೆಜುವೆಲಾದಲ್ಲಿ ಅವನು 'ಪಿಚಿರ್ರೆ'. ಸ್ಪೇಯಿನ್ ದೇಶದಲ್ಲಂತೂ ಅವನು 'ರಾತಾ', ಎಂದರೆ ಇಲಿ. 'ರೊನ್ಯೋಸೊ', ಎಂದರೆ ಕಜ್ಜಿ ಹಿಡಿದವನು, ಕೊಳೆಗಟ್ಟಿದವನು. 'ಅಗರ್ರಾದೊ', ಎಂದರೆ ಹಿಡಿದ ಹಿಡಿ ಬಿಡದವನು.

ಇವೆಲ್ಲಕ್ಕೂ ದ್ವಿಭಾಷಾ ನಿಘಂಟು ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ: ಸ್ಟಿಂಜಿ. ಮೊಣಕೈ, ಮೊಸಳೆ, ಇಲಿ, ಕಜ್ಜಿ ಎಲ್ಲವೂ ಒಂದೇ ಗಾಣಕ್ಕೆ ಬಿದ್ದು ಒಂದೇ ಹಿಂಡಿಯಾಗಿ ಹೊರಬರುತ್ತವೆ. ಇದು ತಪ್ಪಲ್ಲ, ಆದರೆ ಇದು ಭಾಷಾಂತರವೂ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಪದಕ್ಕೆ ಪದವಿಟ್ಟು ತಿರುಗಿಸೋಣವೆ? 'ನಮ್ಮ ಮಾವ ಬಹಳ ಮೊಣಕೈ' ಎಂದು ಇಂಗ್ಲೀಷಿನಲ್ಲಿ ಬರೆದರೆ ಓದುಗನು ಮಾವನಿಗೆ ವಾತರೋಗವೆಂದು ತಿಳಿದಾನು. 'ರಾತಾ' ಎಂಬುದನ್ನು 'ರ್‍ಯಾಟ್' ಎಂದರೆ ಇನ್ನೂ ಅನರ್ಥ. ಇಂಗ್ಲೀಷಿನಲ್ಲಿ ಇಲಿಯೆನಿಸಿಕೊಂಡವನು ಜಿಪುಣನಲ್ಲ, ಸಂಗಡಿಗರನ್ನು ಹಿಡಿದುಕೊಟ್ಟ ದ್ರೋಹಿ. ಕಾಸು ಬಿಚ್ಚದ ಒಬ್ಬ ಬಡಪಾಯಿಗೆ ವಿಶ್ವಾಸಘಾತದ ಆರೋಪ ಹೊರಿಸಿದಂತಾಗುತ್ತದೆ. ಆದರೆ ಮೊಸಳೆಯ ಮಾತು ಬೇರೆ. ಜೇಬಿನ ಮೊಸಳೆಯನ್ನು ಹಾಗೆಯೇ ಇಂಗ್ಲೀಷಿನ ಜೇಬಿಗೆ ಬಿಟ್ಟರೂ ಅದು ಬದುಕುತ್ತದೆ. ಮೊದಲ ಬಾರಿ ಕೇಳಿದವನೂ ನಗುತ್ತಾನೆ. ಆದುದರಿಂದ ನನ್ನ ಮೊದಲನೆಯ ಸೂತ್ರವಿದು: ಚಿತ್ರವು ತಾನಾಗಿಯೇ ಮಾತಾಡುವಂತಿದ್ದರೆ ಅದನ್ನು ಉಳಿಸಬೇಕು, ರೂಢಿಯ ಬಲದಿಂದ ಮಾತ್ರ ನಿಂತಿದ್ದರೆ ಅದನ್ನು ಬಿಟ್ಟು, ಅಷ್ಟೇ ಖಾರವುಳ್ಳ ಇಂಗ್ಲೀಷ್ ಬೀದಿಮಾತನ್ನು ಹುಡುಕಬೇಕು.

ಇಂಗ್ಲೀಷೇನೂ ಈ ವಿಷಯದಲ್ಲಿ ಬಡಭಾಷೆಯಲ್ಲ. ಕಲ್ಲಿನ ಚರ್ಮವನ್ನೂ ಸುಲಿಯುವವನೆಂಬ ಅರ್ಥದ 'ಸ್ಕಿನ್‌ಫ್ಲಿಂಟ್' ಉಂಟು. 'ಟೈಟ್‌ವಾಡ್', 'ಚೀಪ್‌ಸ್ಕೇಟ್', 'ಪೆನಿ ಪಿಂಚರ್' ಉಂಟು. 1843ರಲ್ಲಿ ಡಿಕನ್ಸ್ ಸೃಷ್ಟಿಸಿದ ಸ್ಕ್ರೂಜನ ಹೆಸರೂ ಈಗ ನಿಘಂಟಿಗೆ ಸೇರಿದ ಮಾತು. ಆದರೆ ಇಲ್ಲಿಯೂ ಎಚ್ಚರ ಬೇಕು. ಬ್ರಿಟನ್ನಿನಲ್ಲಿ 'ಮೀನ್' ಎಂದರೆ ಜಿಪುಣ. ಅಮೆರಿಕದಲ್ಲಿ ಅದೇ ಮಾತಿಗೆ ಕಟುಕ ಸ್ವಭಾವದವನೆಂದು ಅರ್ಥ. ಅಮೆರಿಕದವರು ಜಿಪುಣನನ್ನು 'ಚೀಪ್' ಎನ್ನುವರು. ಮೆಕ್ಸಿಕೋದ ಮೊಣಕೈಯನ್ನು ನೆರೆನಾಡಾದ ಅಮೆರಿಕದ ಮಾತಿನಲ್ಲಿ 'ಟೈಟ್‌ವಾಡ್' ಎಂದರೆ ಒಪ್ಪುತ್ತದೆ. ಮ್ಯಾಡ್ರಿಡ್ ನಗರದ 'ಅಗರ್ರಾದೊ'ನನ್ನು ಬ್ರಿಟಿಷರ 'ಟೈಟ್' ಎಂಬ ಒಂದೇ ಮಾತು ಚೆನ್ನಾಗಿ ಹಿಡಿಯುತ್ತದೆ, ಎರಡರಲ್ಲಿಯೂ ಬಿಗಿಹಿಡಿತವಿದೆ.

ಆದರೆ ಮ್ಯಾಡ್ರಿಡ್ಡಿನವರು ಅಲ್ಲಿಗೆ ಸುಮ್ಮನಾಗುವುದಿಲ್ಲ. 'ಚೋತಿಸಿಗಿಂತ ಬಿಗಿ' ಎಂದು ಸೇರಿಸುತ್ತಾರೆ. ಚೋತಿಸ್ ಎಂಬುದು ಗಂಡುಹೆಣ್ಣು ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು ಇದ್ದೆಡೆಯಲ್ಲಿಯೇ ಸುತ್ತುವ ಆ ಊರಿನ ಕುಣಿತ. ಹಿಡಿಯುವುದೆಂಬ ಒಂದೇ ಮಾತು ಹಣಕ್ಕೂ ಕುಣಿತಕ್ಕೂ ಸಲ್ಲುವುದೇ ಇಲ್ಲಿಯ ಚಮತ್ಕಾರ. ಕುಣಿತವನ್ನು ಕಾಣದ ಇಂಗ್ಲೀಷ್ ಓದುಗನಿಗೆ ಇದು ಶೂನ್ಯ. ವಿನೋದವೇನೆಂದರೆ, ಚೋತಿಸ್ ಎಂಬ ಹೆಸರು ಬಂದುದು 'ಸ್ಕಾಟ್ಲೆಂಡಿನದು' ಎಂಬ ಅರ್ಥದ ಜರ್ಮನ್ ಮಾತಿನಿಂದ. ಇಂಗ್ಲೀಷಿನವರ ಹಾಸ್ಯದಲ್ಲಿ ಜಿಪುಣರೆಂದು ಹೆಸರಾದವರೂ ಪಾಪ, ಸ್ಕಾಟ್ಲೆಂಡಿನವರೇ!

ಈ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಸ್ಪೇಯಿನಿನಲ್ಲಿ ಜಿಪುಣತನದ ನಗೆಹನಿಗಳೆಲ್ಲ ಕ್ಯಾಟಲನ್ ಜನರ ತಲೆಯ ಮೇಲೆ. ಮೆಕ್ಸಿಕೋದಲ್ಲಿ ಮಾಂಟೆರ್ರೇ ನಗರದವರ ತಲೆಯ ಮೇಲೆ. ಇವನ್ನು ಇಂಗ್ಲೀಷಿಗೆ ತರುವಾಗ ಕ್ಯಾಟಲನ್ನನ ಬದಲು ಸ್ಕಾಟ್ಲೆಂಡಿನವನನ್ನು ನಿಲ್ಲಿಸಿದರೆ ನಗು ಸುಲಭವಾಗಿ ಬರುತ್ತದೆಯೆಂದು ಕೆಲವರು ವಾದಿಸಬಹುದು. ನಾನು ಒಪ್ಪಲಾರೆ. ಒಂದು ಜನದ ಮೇಲಿನ ಅಪವಾದವನ್ನು ಹೊತ್ತು ತಂದು ಇನ್ನೊಂದು ಜನದ ಮನೆಬಾಗಿಲಲ್ಲಿ ಇಳಿಸುವುದು ಭಾಷಾಂತರಕಾರನ ಕೆಲಸವಲ್ಲ. ಕಥೆಗೆ ಬೇಕಿದ್ದರೆ ಕ್ಯಾಟಲನ್ನನು ಕ್ಯಾಟಲನ್ನನಾಗಿಯೇ ಇರಲಿ. ಅದು ಆ ದೇಶದವರ ಪೂರ್ವಗ್ರಹವೆಂದು ಓದುಗನಿಗೆ ತಿಳಿಯಲಿ.

ಇನ್ನು ನನ್ನ ಎರಡನೆಯ ಸೂತ್ರ; ನನಗೆ ಮುಖ್ಯವಾದುದು ಇದೇ. 'ಜಿಪುಣ' ಎಂಬ ಮಾತನ್ನು ಯಾರೂ ತಮ್ಮನ್ನು ಕುರಿತು ಹೇಳಿಕೊಳ್ಳುವುದಿಲ್ಲ. ಅದು ಕೈ ಚಾಚಿದವನ ಮಾತು. ಚಾಚಿ, ಬರಿಗೈಯಲ್ಲಿ ಹಿಂದಿರುಗಿದವನ ಮಾತು. ಆದುದರಿಂದ ಆ ಮಾತನ್ನು ತಿರುಗಿಸುವ ಮೊದಲು, ಚಾಚಿದ ಕೈ ಯಾರದು, ಅದಕ್ಕೆ ಕೇಳುವ ಹಕ್ಕಿತ್ತೆ ಎಂಬುದನ್ನು ನೋಡಬೇಕು.

ಸ್ಪ್ಯಾನಿಷ್ ಸಾಹಿತ್ಯದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. 1554ರಲ್ಲಿ ಅಚ್ಚಾದ, ಕರ್ತೃವಿನ ಹೆಸರಿಲ್ಲದ 'ಲಾಸರಿಲ್ಯೊ ದೆ ತೋರ್ಮೆಸ್' ಎಂಬ ಸಣ್ಣ ಪುಸ್ತಕದಲ್ಲಿ ಲಾಸರೊ ಎಂಬ ಬಡಹುಡುಗನು ಒಬ್ಬ ಪಾದ್ರಿಯ ಮನೆಯಲ್ಲಿ ಆಳಾಗಿರುತ್ತಾನೆ. ಪಾದ್ರಿಯು ರೊಟ್ಟಿಯನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಹುಡುಗನಿಗೆ ನಾಲ್ಕು ದಿನಕ್ಕೊಂದು ಈರುಳ್ಳಿ ಕೊಡುತ್ತಾನೆ. ಹುಡುಗ ಕಳ್ಳ ಬೀಗದಕೈ ಸಂಪಾದಿಸಿ, ಇಲಿ ತಿಂದಂತೆ ರೊಟ್ಟಿಯನ್ನು ಕೆರೆದು ತಿನ್ನುತ್ತಾನೆ. ಜಿಪುಣನನ್ನು ಇಲಿಯೆಂದು ಕರೆಯುವ ದೇಶದಲ್ಲಿ, ಜಿಪುಣನಿಂದಾಗಿ ಇಲಿಯಾಗಬೇಕಾದವನು ಹಸಿದ ಹುಡುಗ! 1626ರಲ್ಲಿ ಅಚ್ಚಾದ ಕೆವೇದೊನ 'ಬುಸ್ಕೋನ್' ಎಂಬ ಕಾದಂಬರಿಯಲ್ಲಿ ಕಾಬ್ರಾ ಎಂಬ ಉಪಾಧ್ಯಾಯನೊಬ್ಬನಿದ್ದಾನೆ. ತೂತುಗಳುಳ್ಳ ಕಬ್ಬಿಣದ ಡಬ್ಬಿಯಲ್ಲಿ ಒಂದು ತುಂಡು ಮಾಂಸವನ್ನಿಟ್ಟು, ದಾರ ಕಟ್ಟಿ ಸಾರಿನ ಪಾತ್ರೆಯೊಳಕ್ಕೆ ಇಳಿಬಿಡುತ್ತಾನೆ. ರಸ ಮಾತ್ರ ಸಾರಿಗೆ, ತುಂಡು ನಾಳೆಗೆ. ಓದುವಾಗ ನಗು ಬರುತ್ತದೆ. ಆದರೆ ಆ ವಿದ್ಯಾರ್ಥಿನಿಲಯದಲ್ಲಿ ಒಬ್ಬ ಹುಡುಗ ಹಸಿವಿನಿಂದ ಸಾಯುತ್ತಾನೆ. ಇಂತಹವನನ್ನು 'ಚೀಪ್‌ಸ್ಕೇಟ್' ಎಂದು ತಮಾಷೆಯ ಮಾತಿನಲ್ಲಿ ಕರೆದರೆ ಸಾಕೆ? ಇಲ್ಲಿ ಬೇಕಾದುದು ಹೊಟ್ಟೆಯ ಉರಿಯನ್ನು ಬಲ್ಲ ಮಾತು.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಸ್ವಂತ ವಿಷಯ ಹೇಳುವೆನೆಂದು ವಾಚಕರು ಬೇಸರಿಸಬಾರದು. ನಮ್ಮ ಬೀದಿಯಲ್ಲಿ ನನ್ನ ತಾಯಿಗೆ ಜಿಪುಣಿಯೆಂದು ಹೆಸರು. ಹಬ್ಬಕ್ಕೆ ಹೊಸ ಸೀರೆ ಕೊಂಡವಳಲ್ಲ; ನೆರೆಯಾಕೆ ಕೇಳಿದ ಕೈಗಡವನ್ನು ಕೊಟ್ಟವಳಲ್ಲ. 'ಎಂಜಲು ಕೈಯಲ್ಲಿ ಕಾಗೆ ಹೊಡೆಯದವಳು' ಎಂಬ ಮಾತನ್ನು ನಾನು ಮೊದಲು ಕೇಳಿದುದೇ ಅವಳನ್ನು ಕುರಿತು, ನಲ್ಲಿಯ ಬಳಿ, ಬಿಂದಿಗೆ ಹಿಡಿದು ನಿಂತಿದ್ದಾಗ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಪ್ರವೇಶದ ದಿನ ಅಕ್ಕಿಯ ಡಬ್ಬಿಯ ತಳದಿಂದ ಮಡಿಸಿದ ನೋಟುಗಳು ಹೊರಬಂದಾಗ, ಕೈಗಡ ಕೇಳಿದ ನೆರೆಯಾಕೆಯ ನೆನಪು ನನಗೆ ಬಂದಿತು. ಅವಳ ಮಾತು ಅವಳ ಮಟ್ಟಿಗೆ ಸುಳ್ಳಲ್ಲ. ಅವಳಿಗೂ ಕಷ್ಟವಿತ್ತು, ನಮ್ಮ ಡಬ್ಬಿಯಲ್ಲಿ ಹಣವಿತ್ತು, ನಾವು ಕೊಡಲಿಲ್ಲ.

ಈ ಕಥೆಯನ್ನು ನಾಳೆ ಯಾರಾದರೂ ಇಂಗ್ಲೀಷಿಗೆ ತಿರುಗಿಸಿದರೆ, ನನ್ನ ತಾಯಿಯ ಮೇಲಿನ ಕನಿಕರದಿಂದ ನೆರೆಯಾಕೆಯ ಬಾಯಲ್ಲಿ 'ಥ್ರಿಫ್ಟಿ', ಎಂದರೆ ಮಿತವ್ಯಯಿ, ಎಂಬ ಮಾತನ್ನು ತುರುಕಬಾರದು. ಅವಳು ಹಾಗೆ ಹೇಳಲಿಲ್ಲ. ಅವಳ ಮಾತು ಅವಳ ಬಾಯಲ್ಲಿದ್ದಷ್ಟೇ ಒರಟಾಗಿ ಉಳಿಯಬೇಕು. ಅಕ್ಕಿಯ ಡಬ್ಬಿ ತನ್ನ ಸಾಕ್ಷಿಯನ್ನು ತಾನೇ ಹೇಳಲಿ. ಸ್ಪ್ಯಾನಿಷಿನಲ್ಲಿಯೂ ಉಳಿತಾಯ ಮಾಡುವವನಿಗೆ ಗೌರವದ ಮಾತು ಬೇರೆಯಿದೆ, ಮೊಣಕೈ ಬೇರೆಯಿದೆ. ಎರಡನ್ನೂ ಆಡುವವರು ಒಬ್ಬನೇ ಮನುಷ್ಯನನ್ನು ಎರಡು ಬಾಗಿಲುಗಳಿಂದ ನೋಡಿದವರು. ಯಾವ ಬಾಗಿಲೆಂಬುದನ್ನು ಮರೆಸುವ ಭಾಷಾಂತರ, ಎಷ್ಟು ನುಣುಪಾಗಿದ್ದರೂ, ಸುಳ್ಳು.

ಒಂದು ಆಶ್ಚರ್ಯದ ಸಂಗತಿ. ಸ್ಪ್ಯಾನಿಷಿನಲ್ಲಿ 'ಮಿಸೆರಾಬ್ಲೆ' ಎಂದರೆ ದುಃಖಿ ಎಂದೂ ಅರ್ಥ, ಜಿಪುಣನೆಂದೂ ಅರ್ಥ. ಇಂಗ್ಲೀಷಿನ 'ಮೈಸರ್' ಎಂಬುದೂ ದೀನನೆಂಬ ಅರ್ಥದ ಲ್ಯಾಟಿನ್ ಮಾತಿನಿಂದಲೇ ಬಂದುದು. ಸ್ಪ್ಯಾನಿಷಿನ ಇನ್ನೊಂದು ಮಾತು 'ಮೆಸ್ಕೀನೊ'. ಇದು ಬಡವನೆಂಬ ಅರ್ಥದ ಅರಬ್ಬಿಯ 'ಮಿಸ್ಕೀನ್' ಎಂಬುದರಿಂದ ಹುಟ್ಟಿತು. ಉರ್ದು ಬಲ್ಲ ನಮ್ಮ ಸಹಪಾಠಿಗಳಿಗೆ ಈ ಮಾತು ಹೊಸದಲ್ಲ. ಇನ್ನು ಸಂಸ್ಕೃತದ 'ಕೃಪಣ'ನೂ ಮೊದಲು ದೀನ, ಆಮೇಲೆ ಜಿಪುಣ. ನಾವು ದಿನವೂ ಆಡುವ 'ಕಷ್ಟಕಾರ್ಪಣ್ಯ'ದಲ್ಲಿ ಕುಳಿತಿರುವವನೂ ಅವನೇ. ಬೇರೆ ಬೇರೆ ಮೂರು ಕಡೆಗಳಲ್ಲಿ ಜನರು ಜಿಪುಣನನ್ನು ಬಡವನ ಹೆಸರಿನಿಂದಲೇ ಕರೆದಿದ್ದಾರೆ. ಇದರಲ್ಲಿ ತಿರಸ್ಕಾರವಿದೆ; ಹುಡುಕಿದರೆ ಎಲ್ಲಿಯೋ ಒಂದಿಷ್ಟು ಕರುಣೆಯೂ ಸಿಕ್ಕೀತು.

ಕೊನೆಯದಾಗಿ ಒಂದು ಮಾತು. ಬಿಗಿಮುಷ್ಟಿಯವನನ್ನು ಸ್ಪೇಯಿನಿನವರು 'ಮುಷ್ಟಿಮಾತೆಯ ಭಕ್ತ' ಎಂದು ಹಾಸ್ಯ ಮಾಡುವುದುಂಟು. ಊರೂರಿಗೂ ಬೇರೆ ಬೇರೆ ಹೆಸರಿನಿಂದ ಮೇರಿಮಾತೆಯನ್ನು ಪೂಜಿಸುವ ದೇಶ ಅದು. ಆ ಸಾಲಿಗೆ ಇಲ್ಲದ ಮಾತೆಯೊಬ್ಬಳನ್ನು ಸೇರಿಸಿದ್ದಾರೆ. ಇಂಗ್ಲೀಷಿನಲ್ಲಿ ಇದು ನಿಲ್ಲುವುದಿಲ್ಲ. 'ಟೈಟ್ ಫಿಸ್ಟೆಡ್' ಎಂದು ಹೇಳಿ ಕೈತೊಳೆದುಕೊಳ್ಳಬೇಕು. ಆದರೆ ಕನ್ನಡದಲ್ಲಿ? 'ಅವನು ಮುಷ್ಟಿಯಮ್ಮನ ಒಕ್ಕಲು' ಎಂದು ನೋಡಿ. ಊರಿಗೊಬ್ಬ ಅಮ್ಮನನ್ನು ಕಂಡ ನಮ್ಮ ಹಳ್ಳಿಯ ಯಾವ ಅಜ್ಜಿಗೂ ವಿವರಣೆ ಬೇಕಾಗಿಲ್ಲ.

ಹೊರನಾಡಿನ ಸಾಹಿತ್ಯ ನಮಗೆ ಬಹುಮಟ್ಟಿಗೆ ಇಂಗ್ಲೀಷಿನ ಬಾಗಿಲಿನಿಂದಲೇ ಬರುತ್ತದೆ. ಆ ಬಾಗಿಲಿಗೆ ನಾವು ಋಣಿಗಳು. ಆದರೆ ಆ ಬಾಗಿಲಲ್ಲಿ ಹಿಡಿಸದೆ ಹೊರಗೇ ಉಳಿದ ಎಷ್ಟೋ ಸಾಮಾನು ನಮ್ಮ ಮನೆಯಲ್ಲಿ ಸಲೀಸಾಗಿ ಹಿಡಿಸಬಹುದಾಗಿತ್ತು. ನಮ್ಮಲ್ಲಿ ಕೆಲವರಾದರೂ ಇಂಗ್ಲೀಷಿನ ಜೊತೆಗೆ ಹೊರಗಿನ ಇನ್ನೊಂದು ಭಾಷೆಯನ್ನು ನೇರವಾಗಿ ಕಲಿಯಬೇಕು. ಈ ವಿಷಯದಲ್ಲಿ ಮಾತ್ರ ನಾವು ಯಾರೂ ಮುಷ್ಟಿಯಮ್ಮನ ಒಕ್ಕಲಾಗದಿರೋಣ.